ಬಿಸಿಲುಸೀಮೆಗೆ ಬಂದ ಬವೇರಿಯದ ಬಂಡಿ

ರಾಯದುರ್ಗದಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಾಗಲಿ, ಮಡಕಶಿರದಿಂದ ಶಿರಾಕ್ಕೋ ಹಿಂದೂಪುರಕ್ಕೋ ಹೊರಳುವ ದಾರಿಯಲ್ಲಾಗಲಿ ಒಂದು ಗಳಿಗೆ ನಿಂತು ನೋಡಿದವನಿಗೆ, ಶೇಂಗಾ ಮೂಟೆಗಳನ್ನು ಹೇರಿಕೊಂಡ ಟ್ರ್ಯಾಕ್ಟರುಗಳೂ, ರಾಯದುರ್ಗದಲ್ಲಿ ಹೊಲಿದ ಜೀನ್ಸ್ ಬಟ್ಟೆಯ ಗಂಟುಗಳನ್ನು ಹೊತ್ತ ಆಟೋಗಳೂ, ಜನ ತುಂಬಿದ ಜೀಪುಗಳೂ ಧಾರಾಳವಾಗಿ ಕಣ್ಣಿಗೆ ಬೀಳುವುವಲ್ಲದೆ, ಮೂಗಿನ ಮೇಲೆ ಜೋಡಿ ಮೂತ್ರಪಿಂಡದ ಆಕಾರದ ಜಾಲರಿಯನ್ನು ಧರಿಸಿದ ಹಳೆಯ ಬಿ.ಎಂ.ಡಬ್ಲ್ಯು. ಕಾರೊಂದು ಎದುರಾಗುವುದು ಬಲು ಅಪೂರ್ವವೆಂದೇ ಹೇಳಬೇಕು. ಅಂಥ ಕಾರನ್ನು ಬಯಸಿ, ಬೆಂಗಳೂರಿನಲ್ಲೋ ಬಳ್ಳಾರಿಯಲ್ಲೋ ಹುಡುಕಿ, ಈ ಗಡಿಸೀಮೆಗೆ ತಂದು ಸಾಕಬೇಕೆಂಬ ಹುಚ್ಚುಳ್ಳವನು ತಿಳಿದಿರಬೇಕಾದ ಸಂಗತಿಗಳನ್ನು ಈ ಅಧ್ಯಾಯದಲ್ಲಿ ವಿಚಾರಿಸೋಣ. ಹುಚ್ಚೆಂಬ ಮಾತನ್ನು ನಿಂದೆಯಾಗಿ ಆಡಿದ್ದಲ್ಲ. ಆ ರೋಗದ ಅಂಶ ಈ ಲೇಖಕನಲ್ಲಿಯೂ ಉಂಟು.

ಅಪೂರ್ವತೆಗೆ ಕಾರಣ ಇಲ್ಲಿಯ ಬಡತನವೊಂದೇ ಅಲ್ಲ. ಸ್ವಾತಂತ್ರ್ಯಾನಂತರದ ಹಲವು ದಶಕಗಳ ಕಾಲ ಪರದೇಶದ ಕಾರು ನಮ್ಮ ದೇಶದೊಳಕ್ಕೆ ಬರುವುದಕ್ಕೆ ಸರ್ಕಾರದ ಕಟ್ಟುಪಾಡುಗಳೂ ಭಾರಿ ಸುಂಕವೂ ಅಡ್ಡಿಯಾಗಿದ್ದುದರಿಂದ, ಶ್ರೀಮಂತನಾದವನೂ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಮೊದಲಾದ ಎರಡು ಮೂರು ಹೆಸರುಗಳೊಳಗೇ ತೃಪ್ತಿಪಡಬೇಕಾಗಿದ್ದಿತು. ಈಗಲೂ ಉಪಯೋಗಿಸಿದ ಕಾರನ್ನು ಹೊರದೇಶದಿಂದ ತರಿಸುವವನು, ಅದು ತಯಾರಾಗಿ 3 ವರ್ಷ ಮೀರಿರಬಾರದೆಂಬ ನಿಯಮಕ್ಕೆ ಸಾಮಾನ್ಯವಾಗಿ ಬದ್ಧನು. ಬಿ.ಎಂ.ಡಬ್ಲ್ಯು. ಸಂಸ್ಥೆಯವರು ಚೆನ್ನೈ ಬಳಿ ಕಾರು ಜೋಡಿಸಲಾರಂಭಿಸಿದ್ದು 2007ರಲ್ಲಿ. ಆದುದರಿಂದ ಅದಕ್ಕೂ ಹಿಂದಿನದೊಂದು ನಮ್ಮ ಕೈಗೆ ಸಿಕ್ಕಿತೆಂದರೆ, ಅದು ರಾಯಭಾರ ಕಚೇರಿಯಿಂದ ವಿಕ್ರಯವಾದದ್ದೋ, ಹೊರನಾಡಿನಲ್ಲಿ ದುಡಿದು ಮರಳಿದವರು ಮನೆಯ ಸಾಮಾನಿನೊಡನೆ ತಂದದ್ದೋ ಆಗಿರುವ ಸಂಭವವೇ ಹೆಚ್ಚು. ಮಡಕಶಿರಕ್ಕೆ ಅನತಿದೂರದ ಪೆನುಕೊಂಡೆಯ ಬಳಿ, ಎರ್ರಮಂಚಿಯಲ್ಲಿ, 2019ರಿಂದ ಕೊರಿಯದವರ ಕಾರುಗಳು ಲಕ್ಷಗಟ್ಟಲೆಯಾಗಿ ಹೊರಬೀಳುತ್ತಿರುವಾಗ ನಲವತ್ತು ವರ್ಷದ ಜರ್ಮನ್ ಬಂಡಿಯನ್ನು ಹುಡುಕಿಕೊಂಡು ಹೋಗುವವನನ್ನು ಕಂಡು ಊರವರು ನಕ್ಕರೆ ಅವರನ್ನು ದೂರುವಂತಿಲ್ಲ.

ಮೂರು ಅಕ್ಷರಗಳ ಈ ಹೆಸರಿನ ಅರ್ಥ ‘ಬವೇರಿಯದ ಮೋಟಾರು ಕಾರ್ಖಾನೆಗಳು’ ಎಂದಿಷ್ಟೆ. ಮ್ಯೂನಿಕ್ ನಗರದಲ್ಲಿ ವಿಮಾನದ ಎಂಜಿನುಗಳನ್ನು ತಯಾರಿಸುತ್ತಿದ್ದ ಈ ಸಂಸ್ಥೆ, ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತು ಆ ಉದ್ಯೋಗಕ್ಕೆ ನಿಷೇಧ ಬಿದ್ದ ಮೇಲೆ 1923ರಲ್ಲಿ ಮೋಟಾರು ಸೈಕಲಿಗೂ, 1928ರಲ್ಲಿ ಐಸೆನಾಖಿನ ಕಾರ್ಖಾನೆಯೊಂದನ್ನು ಕೊಂಡು ಕಾರಿಗೂ ಕೈಯಿಕ್ಕಿತು. 1959ರಲ್ಲಿ ಪ್ರತಿಸ್ಪರ್ಧಿಯ ಪಾಲಾಗುವುದರಲ್ಲಿದ್ದ ಅದನ್ನು ಎತ್ತಿ ನಿಲ್ಲಿಸಿದ್ದು 1961ರಲ್ಲಿ ಪ್ರದರ್ಶಿತವಾದ 1500 ಎಂಬ ಕಾರು. ಅದಕ್ಕಾಗಿ ಅಲೆಕ್ಸ್ ಫಾನ್ ಫಾಲ್ಕೆನ್‌ಹೌಸೆನ್ ರೂಪಿಸಿದ ಎಂ10 ಎಂಬ ನಾಲ್ಕು ಸಿಲಿಂಡರಿನ ಎಂಜಿನು ಎಷ್ಟು ಗಟ್ಟಿಯಾಗಿತ್ತೆಂದರೆ, 1983ರಲ್ಲಿ ನೆಲ್ಸನ್ ಪಿಕೆ ಫಾರ್ಮುಲಾ ಒಂದರ ಜಗಜ್ಜೇತನಾದ ಕಾರಿನ ಎಂಜಿನ್ನಿಗೂ ಅದರ ಒಡಲೇ ಆಧಾರವಾಗಿದ್ದಿತು. 1968ರಲ್ಲಿ 2002 ಎಂಬ ಮಾದರಿ ಬಂದಿತು. ಅದು ಕಾರಿನ ಹೆಸರು, ಇಸವಿಯಲ್ಲವೆಂಬುದನ್ನು ಕೊಳ್ಳುವವನು ಮೊದಲೇ ತಿಳಿದಿರುವುದೊಳ್ಳೆಯದು. 1975ರಲ್ಲಿ ‘3 ಸೀರೀಸ್’ ಎಂಬ ಶ್ರೇಣಿ ಆರಂಭವಾಗಿ, 1982ರಲ್ಲಿ ಅದರ ಎರಡನೆಯ ತಲೆಮಾರು ಹೊರಬಂದಿತು. ಅಭಿಮಾನಿಗಳು ಕಾರ್ಖಾನೆಯ ಸಂಕೇತವನ್ನೇ ಹಿಡಿದು ಇ30 ಎಂದು ಕರೆಯುವುದು ಇದನ್ನೇ. ಮುಂದೆ ಹೇಳುವ ಮಾತುಗಳು ಹೆಚ್ಚಾಗಿ ಈ ಇ30 ಕಾರಿಗೆ ಸಂಬಂಧಿಸಿದವು.

ಹಳೆಯ ಕಾರನ್ನು ತಿನ್ನುವ ಶತ್ರುಗಳಲ್ಲಿ ನೀರೊಂದು, ಬಿಸಿಲೊಂದು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಯ ಮೇಲೆ ಉಪ್ಪು ಚೆಲ್ಲುವ ಜರ್ಮನಿಯಲ್ಲಿ ಈ ಕಾರುಗಳ ಆಯುಷ್ಯವನ್ನು ಕಡಿದದ್ದು ತುಕ್ಕು. ಆದ್ದರಿಂದ ಅಲ್ಲಿಯವರ ಕೈಪಿಡಿಗಳು ಬಾಗಿಲಿನ ಕೆಳಅಂಚು, ಚಕ್ರದ ಮೇಲಣ ಕಮಾನು, ಜಾಕಿ ಕೊಡುವ ಜಾಗ, ಬ್ಯಾಟರಿಯ ತಟ್ಟೆ, ಸ್ಟೆಪ್ನಿ ಇಡುವ ಗುಂಡಿ ಇವುಗಳನ್ನು ಮೊದಲು ಪರೀಕ್ಷಿಸೆಂದು ಹೇಳುತ್ತವೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯನ್ನು ಮಾತ್ರ ಕಾಣುವ ಅನಂತಪುರದ ಸೀಮೆಯಲ್ಲಿ ಕಬ್ಬಿಣ ಚಿರಂಜೀವಿ. ಇಲ್ಲಿ ಸಾಯುವುದು ರಬ್ಬರು. ಕಿಟಕಿಯ ಅಂಚಿನ ಪಟ್ಟಿ, ಪೆಟ್ರೋಲಿನ ಕೊಳವೆ, ಚಕ್ರದ ತೋಳುಗಳನ್ನು ಹಿಡಿದಿರುವ ಬೂಷುಗಳು, ಗೇರ್‌ಬಾಕ್ಸಿಗೂ ಹಿಂದಣ ಉದ್ದನೆಯ ದಂಡಕ್ಕೂ ನಡುವೆ ಕೂತ ದಪ್ಪ ರಬ್ಬರಿನ ಬಿಲ್ಲೆ ಇವೆಲ್ಲ ಬೇಸಗೆಯ ಬಿಸಿಲಿನಲ್ಲಿ ಗಡುಸಾಗಿ, ಬಿರಿದು, ಒಂದು ದಿನ ಹೇಳದೆ ಕೇಳದೆ ಕೈಬಿಡುತ್ತವೆ. ಮಂಗಳೂರಿನ ಕಡೆಯಲ್ಲಿ ಬಾಳಿದ ಕಾರನ್ನು ಕೊಳ್ಳುವವನು ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಬಣ್ಣದ ಕೆಳಗೆ ತಗಡಿದೆಯೋ ಪುಟ್ಟಿ ಮೆತ್ತಿದೆಯೋ ಎಂದು ನೋಡಲಿ. ಬಳ್ಳಾರಿಯ ಕಡೆಯದನ್ನು ಕೊಳ್ಳುವವನು ಉಗುರಿನಿಂದ ರಬ್ಬರನ್ನು ಒತ್ತಿ ನೋಡಲಿ. ಉಗುರು ಊರದಿದ್ದರೆ ಆ ಕೊಳವೆಯ ಕಾಲ ಮುಗಿದಂತೆಯೇ. ನನ್ನ ಅಭಿಪ್ರಾಯವನ್ನು ಕೇಳುವುದಾದರೆ, ಎರಡನೆಯ ಕಾರನ್ನೇ ಆರಿಸಿಕೊಳ್ಳಿರೆನ್ನುವೆನು. ರಬ್ಬರನ್ನು ಹಣ ಕೊಟ್ಟು ತರಿಸಬಹುದು, ತಿಂದುಹೋದ ತಗಡನ್ನು ಮೊದಲಿನಂತೆ ಮಾಡಬಲ್ಲ ಟಿಂಕರಿ ಮೇಸ್ತ್ರಿ ನೂರಕ್ಕೊಬ್ಬ.

ಕಾಗದಪತ್ರಗಳ ವಿಚಾರದಲ್ಲಿ ನಮ್ಮ ಗಡಿಯವರಿಗೆ ಒಂದು ವಿಶೇಷ ಕಷ್ಟವಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯಿಂದ ಕಳಚಿಕೊಂಡ ರಾಯದುರ್ಗಕ್ಕೂ, ಮೂರು ದಿಕ್ಕಿನಲ್ಲಿ ಕರ್ನಾಟಕವೇ ಸುತ್ತುವರಿದಿದ್ದು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರಕ್ಕೂ ಕನ್ನಡನಾಡು ಕೂಗಳತೆಯ ದೂರದಲ್ಲಿದ್ದರೂ, ಬೆಂಗಳೂರಿನ ಸಂಖ್ಯೆಯುಳ್ಳ ಕಾರನ್ನು ತಂದು 12 ತಿಂಗಳಿಗೆ ಮೀರಿ ಇಲ್ಲಿಟ್ಟುಕೊಂಡರೆ ಮೋಟಾರು ವಾಹನ ಕಾಯಿದೆಯ 47ನೆಯ ಪ್ರಕರಣದಂತೆ ಆಂಧ್ರದ ಸಂಖ್ಯೆಯನ್ನು ಪಡೆಯತಕ್ಕದ್ದು. ಅದಕ್ಕೆ ಮೊದಲು ಹಿಂದಿನ ಕಚೇರಿಯಿಂದ, ಜನರು ಎನ್‌ಒಸಿ ಎಂದು ಕರೆಯುವ ನಿರಾಕ್ಷೇಪಣಾ ಪತ್ರವನ್ನು ತರತಕ್ಕದ್ದು. ಅದು ಕೈಗೆ ಬರುವ ಮುನ್ನ ಪೂರ್ತಿ ಹಣವನ್ನು ಎಣಿಸಿಕೊಡುವುದು ಜಾಣತನವಲ್ಲ. 15 ವರ್ಷ ತುಂಬಿದ ಕಾರಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. 20 ವರ್ಷ ಮೀರಿದ್ದಕ್ಕೆ ನವೀಕರಣದ ಶುಲ್ಕ 2025ರಲ್ಲಿ 10,000 ರೂಪಾಯಿಗೂ, ಹೊರದೇಶದಿಂದ ಬಂದದ್ದಾದರೆ 80,000 ರೂಪಾಯಿಗೂ ಏರಿತು. ಮೊದಲ ನೋಂದಣಿಯಾಗಿ 50 ವರ್ಷ ಕಳೆದು, ಮೂಲರೂಪವನ್ನು ಉಳಿಸಿಕೊಂಡ ಕಾರಿಗೆ 2021ರಲ್ಲಿ ಬೇರೊಂದು ದಾರಿ ತೆರೆದಿದೆ: 20,000 ರೂಪಾಯಿಗೆ 10 ವರ್ಷದ ನೋಂದಣಿಯೂ, ಸಂಖ್ಯೆಯ ನಡುವೆ ‘ವಿಎ’ ಎಂಬ ಅಕ್ಷರಗಳೂ ದೊರಕುವುವು, ಆದರೆ ಅಂಥ ಕಾರನ್ನು ಪ್ರದರ್ಶನಕ್ಕೋ ರ್‍ಯಾಲಿಗೋ ದುರಸ್ತಿಗೋ ಒಯ್ಯಬಹುದಲ್ಲದೆ ದಿನನಿತ್ಯ ಓಡಿಸುವಂತಿಲ್ಲ. 2002 ಮಾದರಿಯ ಒಡೆಯನಿಗೆ ಈ ಗೌರವ ಈಗಲೇ ಸಲ್ಲಬಹುದು; ಇ30 ಕಾರುಗಳಲ್ಲಿ ಅತ್ಯಂತ ಹಿರಿಯದೂ 2032ರವರೆಗೆ ಕಾಯಬೇಕು.

ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಅಲೆಯುವುದರಲ್ಲಿ ಸುಖವುಂಟು. ಆದರೆ ಅಲೆಯುವ ಮುನ್ನ ಎರಡು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡಿರಬೇಕು. ಚಾಸಿ ಸಂಖ್ಯೆಯ ಕೊನೆಯ 7 ಅಕ್ಷರಗಳಿಂದ ಆ ಕಾರು ಯಾವ ತಿಂಗಳಲ್ಲಿ ತಯಾರಾಯಿತೆಂಬುದು ಗೊತ್ತಾಗುವುದು. ಪ್ರತಿಯೊಂದು ಬಿಡಿಭಾಗಕ್ಕೂ ಕಾರ್ಖಾನೆಯವರು 11 ಅಂಕೆಗಳ ಸಂಖ್ಯೆಯೊಂದನ್ನು ಕೊಟ್ಟಿದ್ದು, ಅದರ ಮೊದಲೆರಡು ಅಂಕೆಗಳು ಕುಲವನ್ನು ಸೂಚಿಸುತ್ತವೆ: 11 ಎಂದರೆ ಎಂಜಿನು, 17 ಎಂದರೆ ರೇಡಿಯೇಟರಿನ ಕುಟುಂಬ, 34 ಎಂದರೆ ಬ್ರೇಕು. ಈ ಸಂಖ್ಯೆಯನ್ನು ಹಿಡಿದು ಕೇಳಿದರೆ, ಕಾರಿನ ತಯಾರಿಕೆ ನಿಂತು ದಶಕಗಳಾದ ಮೇಲೂ ಎಷ್ಟೋ ಭಾಗಗಳನ್ನು ಜರ್ಮನಿಯಿಂದ ತರಿಸಬಹುದು, ‘ಬಿ.ಎಂ.ಡಬ್ಲ್ಯು. ಬೂಷು ಕೊಡಿ’ ಎಂದು ಕೇಳಿದರೆ ಅಂಗಡಿಯವನು ತನಗೆ ಖರ್ಚಾಗಬೇಕಾದದ್ದನ್ನು ಕೊಡುತ್ತಾನೆ.

ಇ30 ಕಾರಿನ ಆರು ಸಿಲಿಂಡರಿನ ಎಂ20 ಎಂಜಿನ್ನಿನಲ್ಲಿ ಕವಾಟಗಳನ್ನು ತೆರೆದು ಮುಚ್ಚುವ ದಂಡವನ್ನು ತಿರುಗಿಸುವುದು ಸರಪಳಿಯಲ್ಲ, ಹಲ್ಲುಳ್ಳ ರಬ್ಬರಿನ ಬೆಲ್ಟು. ಓಡುತ್ತಿರುವಾಗ ಅದು ಹರಿದುದೇ ಆದರೆ ಪಿಸ್ಟನ್ನುಗಳು ತೆರೆದ ಕವಾಟಗಳಿಗೆ ಬಡಿದು ಅವನ್ನು ಬಾಗಿಸಿ, ಕ್ಷಣಾರ್ಧದಲ್ಲಿ ಎಂಜಿನ್ನಿನ ತಲೆಯನ್ನು ಹಾಳುಗೆಡಹುವುವು. ಓಡಿದ್ದು ಎಷ್ಟೇ ಕಡಿಮೆಯಾಗಲಿ, ನಾಲ್ಕು ವರ್ಷಕ್ಕೊಮ್ಮೆ ಬೆಲ್ಟನ್ನು ಬದಲಾಯಿಸತಕ್ಕದ್ದು; ಮಾರುವವನು ಅದನ್ನು ಬದಲಾಯಿಸಿದ ರಸೀತಿಯನ್ನು ತೋರಿಸದಿದ್ದರೆ, ಕಾರನ್ನು ಓಡಿಸಿಕೊಂಡು ಬರುವುದರ ಬದಲು ಲಾರಿಯ ಮೇಲೆ ಹೇರಿಕೊಂಡು ಬರುವುದೇ ಮೇಲು. ಕವಾಟಗಳ ಸಂದು ತಣ್ಣಗಿರುವಾಗ 0.25 ಮಿಲಿಮೀಟರ್ ಇರಬೇಕು. ಅದನ್ನು ಸರಿಪಡಿಸಲು ಬೇಕಾದ ಸಲಕರಣೆಯೆಂದರೆ ಒಂದು ಸ್ಪ್ಯಾನರು, ಒಂದು ಫೀಲರ್ ಪಟ್ಟಿ ಮತ್ತು ಚಿಕ್ಕ ತೂತಿನಲ್ಲಿ ತೂರಿಸಿ ಬಿಲ್ಲೆಯನ್ನು ತಿರುಗಿಸಲು ತುದಿ ಬಾಗಿಸಿದ ತಂತಿ. ಇಷ್ಟು ಸರಳವಾದ ಕೆಲಸವನ್ನು ಒಡೆಯನೇ ಭಾನುವಾರ ಬೆಳಿಗ್ಗೆ ಕುಳಿತು ಮಾಡಿಕೊಳ್ಳುವುದರಲ್ಲಿ ಒಂದು ಬಗೆಯ ಪೂಜೆಯ ಶಾಂತಿ ಇದೆ.

ರಾಯದುರ್ಗದ ಆಚೆ, ಕಣೇಕಲ್ ಮತ್ತು ದರ್ಗಾ ಹೊನ್ನೂರಿನ ಕಡೆಗೆ, ಹಗರಿ ನದಿಯ ಮರಳು ಗಾಳಿಗೆದ್ದು ಹೊಲಗಳ ಮೇಲೆ ದಿಬ್ಬಗಳಾಗಿ ಕುಳಿತಿರುವುದನ್ನು ಕಂಡವರು ಗಾಳಿಶೋಧಕವನ್ನು ಹೊತ್ತಿಗೆ ಮೊದಲೇ ಬದಲಾಯಿಸಬೇಕೆಂದು ಹೇಳಿಸಿಕೊಳ್ಳಬೇಕಾಗಿಲ್ಲ. ಶೇಂಗಾ ಚೀಲಗಳ ಜೊತೆಯಲ್ಲಿ ಕಾರನ್ನು ನಿಲ್ಲಿಸಬಾರದು. ಕಾಳಿಗೆ ಬಂದ ಇಲಿ ಕಾರಿನ ವೈರುಗಳಿಗೂ ಬಾಯಿ ಹಾಕುತ್ತದೆ. ಈಗ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆತಿದ್ದು, ಅದು ಹಳೆಯ ರಬ್ಬರನ್ನು ಮೆತ್ತಗಾಗಿಸುವುದಲ್ಲದೆ ಗಾಳಿಯ ತೇವವನ್ನೂ ಹೀರುತ್ತದೆ. ಆದ್ದರಿಂದ ಅದನ್ನು ತಡೆಯಬಲ್ಲ ಹೊಸ ಕೊಳವೆಗಳನ್ನು ಹಾಕಿಸುವುದೂ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲನ್ನು ಕೊಳೆಹಾಕದಿರುವುದೂ ಅವಶ್ಯ. ಬ್ರೇಕಿನ ಎಣ್ಣೆಯೂ ತೇವ ಹೀರುವ ಜಾತಿಯದೇ. ಅದಕ್ಕೆ ಎರಡು ವರ್ಷದ ಆಯುಷ್ಯ.

ಇಷ್ಟೆಲ್ಲ ಹೇಳಿದ ಮೇಲೂ, ನಮ್ಮ ಸೀಮೆಯಲ್ಲಿ ಈ ಕಾರುಗಳನ್ನು ಕೊಲ್ಲುವುದು ಮುಖ್ಯವಾಗಿ ಒಂದೇ: ಕಾವು. ಎಂಜಿನ್ನಿನ ಒಡಲು ಎರಕದ ಕಬ್ಬಿಣದ್ದು, ತಲೆ ಅಲ್ಯುಮಿನಿಯಮ್ಮಿನದು. ಕಾವಿಗೆ ಇವೆರಡೂ ಹಿಗ್ಗುವ ಪ್ರಮಾಣ ಬೇರೆಬೇರೆಯಾದ್ದರಿಂದ, ಒಂದು ಸಲ ಮಿತಿಮೀರಿ ಕಾದರೆ ತಲೆ ಸೊಟ್ಟಗಾಗಿ, ನಡುವಣ ಗ್ಯಾಸ್ಕೆಟ್ಟು ಕೈಕೊಟ್ಟು, ನೀರೂ ಎಣ್ಣೆಯೂ ಬೆರೆಯುವುವು. ಕೊಳ್ಳುವಾಗ ಎಣ್ಣೆ ತುಂಬುವ ಮುಚ್ಚಳವನ್ನು ತೆಗೆದು ಅದರ ಒಳಮೈಯನ್ನು ನೋಡಿರಿ. ಮಜ್ಜಿಗೆಯ ಮೇಲಣ ಕೆನೆಯಂಥದು ಅಂಟಿಕೊಂಡಿದ್ದರೆ ಬಹಳ ಮಟ್ಟಿಗೆ ಸಂಶಯಪಡಬೇಕು. ಊರೊಳಗೆ ನಿಧಾನವಾಗಿ ಹೋಗುವಾಗ ಮುಳ್ಳು ಮೇಲೇರಿ, ಬಯಲ ದಾರಿಯಲ್ಲಿ ಇಳಿದರೆ ಫ್ಯಾನಿನದು ತಪ್ಪು; ನಿಂತಲ್ಲಿ ಸರಿಯಿದ್ದು ವೇಗವಾಗಿ ಓಡುವಾಗ ಏರಿದರೆ ರೇಡಿಯೇಟರು ಕಟ್ಟಿಕೊಂಡಿದೆ. ಕಟ್ಟಿಕೊಳ್ಳುವುದಕ್ಕೆ ಕಾರಣ ಬೇರೆ ಹುಡುಕಬೇಕಾಗಿಲ್ಲ: ಅನಂತಪುರದ ಸೀಮೆಯ ಬೋರು ನೀರು ಹಲ್ಲನ್ನೂ ಮೂಳೆಯನ್ನೂ ಕೆಡಿಸುವಷ್ಟು ಫ್ಲೋರೈಡಿಗೆ ಕುಪ್ರಸಿದ್ಧವಾದದ್ದು, ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುವಷ್ಟು ಗಡುಸಾದದ್ದು, ಆ ನೀರನ್ನೇ ವರ್ಷಾನುಗಟ್ಟಲೆ ರೇಡಿಯೇಟರಿಗೆ ಹೊಯ್ದರೆ ಅದರ ಸಣ್ಣ ನಾಳಗಳಲ್ಲಿಯೂ ಅದೇ ಹಕ್ಕಳೆ. ಅರ್ಧ ಕೂಲೆಂಟು, ಅರ್ಧ ಭಟ್ಟಿಯಿಳಿಸಿದ ನೀರು ಎಂಬ ಪ್ರಮಾಣವನ್ನು ಬಿಡಬಾರದು.

ಇನ್ನೊಂದು ಅಪಾಯ ಗ್ಯಾರೇಜಿನಲ್ಲಿಯೇ ಇದೆ. ‘ಇದ್ಯಾಕ್ ಸಾರ್, ನಮ್ ಬಿಸಿಲಿಗೆ ಬೇಕಾಗಿಲ್ಲ, ತೆಗೆದಾಕ್ತೀನಿ’ ಎಂದು ಮೇಸ್ತ್ರಿ ಥರ್ಮೋಸ್ಟ್ಯಾಟನ್ನು ಕಿತ್ತು ಕೈಯಲ್ಲಿ ಹಿಡಿದು ತೋರಿಸಿದಾಗ, ಅನುಭವಸ್ಥನ ಮಾತೆಂದು ತಲೆದೂಗುವವರೇ ಹೆಚ್ಚು. ಅಂಬಾಸಿಡರಿನ ಕಾಲದಿಂದ ನಡೆದುಬಂದ ರೂಢಿ ಇದು. ಈ ಎಂಜಿನುಗಳಲ್ಲಾದರೋ ಥರ್ಮೋಸ್ಟ್ಯಾಟಿಗೆ ಎರಡು ಕೆಲಸ: ಕಾದ ಮೇಲೆ ರೇಡಿಯೇಟರಿನ ಕಡೆಗೆ ಬಾಗಿಲು ತೆರೆಯುವುದರ ಜೊತೆಗೆ, ನೀರು ರೇಡಿಯೇಟರನ್ನು ಮುಟ್ಟದೆ ಸುತ್ತಿ ಬರುವ ಅಡ್ಡದಾರಿಯನ್ನು ಅದು ಮುಚ್ಚುತ್ತದೆ. ಅದನ್ನು ಕಿತ್ತರೆ ಅಡ್ಡದಾರಿ ಸದಾ ತೆರೆದಿದ್ದು, ಕಾದ ನೀರಿನ ಒಂದು ಪಾಲು ತಣಿಯದೆ ಎಂಜಿನ್ನಿಗೇ ಮರಳುವುದು. ತಂಪಿಗೆಂದು ಮಾಡಿದ್ದು ಕಾವಿಗೆ ಕಾರಣವಾಗುವುದು. ಮೇಸ್ತ್ರಿಯ ಮನಸ್ಸನ್ನು ನೋಯಿಸದೆ, ‘ಇರಲಿ ಬಿಡಿ ಮೇಸ್ತ್ರಿ, ಹೊಸದೊಂದು ತಂದಿದೀನಿ, ಅದನ್ನೇ ಹಾಕಿ’ ಎಂದು ಕೈಗಿಡುವುದು ಉತ್ತಮ ಮಾರ್ಗ.

ನೀರು ತುಂಬಿದ ಮೇಲೆ ಗಾಳಿಯನ್ನು ಹೊರಗೆಡಹುವುದೊಂದು ಬಾಕಿ. ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆ ಎಂಜಿನ್ನಿನ ತಲೆಯಲ್ಲಿ ನಿಂತು, ಅಲ್ಲಿಗೆ ನೀರು ತಾಗದಂತೆ ಮಾಡುವುದು. ಕಾರಿನ ಮೂಗು ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಬೇಕು. ರಾಯದುರ್ಗದಂಥ ಬೆಟ್ಟದ ಊರಿನಲ್ಲಿ ಇಳಿಜಾರಿಗೇನು ಕೊರತೆ! ಕಾರಿನೊಳಗಣ ಹೀಟರಿನ ಗುಬ್ಬಿಯನ್ನು ಪೂರ್ತಿ ಬಿಸಿಗೆ ತಿರುಗಿಸಬೇಕು. ಅನಂತಪುರದ ಮೇ ತಿಂಗಳಲ್ಲಿ ಹೀಟರು ಹಾಕುವವನನ್ನು ಕಂಡು ಗ್ಯಾರೇಜಿನ ಹುಡುಗರು ನಗುವುದುಂಟು, ನಗಲಿ. ಹೀಟರಿನ ಕೊಳವೆಗಳಲ್ಲಿಯೂ ಗಾಳಿ ಅವಿತಿರುತ್ತದೆ. ಬಳಿಕ ಥರ್ಮೋಸ್ಟ್ಯಾಟಿನ ಮನೆಯ ಮೇಲಿರುವ ಸಣ್ಣ ತಿರುಪನ್ನು ಸಡಿಲಿಸಿ, ನಿಧಾನವಾಗಿ ಕೂಲೆಂಟು ಹೊಯ್ಯುತ್ತ, ಗುಳುಗುಳು ನಿಂತು ಒಂದೇ ಧಾರೆ ಹೊರಬಂದಾಗ ತಿರುಪನ್ನು ಹಗುರವಾಗಿ ಬಿಗಿಯತಕ್ಕದ್ದು. ಮಾರನೆಯ ಬೆಳಿಗ್ಗೆ ಎಂಜಿನು ಪೂರ್ತಿ ತಣ್ಣಗಾಗಿರುವಾಗ ಮಟ್ಟವನ್ನು ಮತ್ತೊಮ್ಮೆ ನೋಡಿದರೆ ಅರ್ಧ ಲೋಟದಷ್ಟು ಇಳಿದಿರಬಹುದು. ಅಷ್ಟನ್ನು ತುಂಬಿ ಮುಚ್ಚಳ ಹಾಕಬೇಕು.