ಪಹಣಿ ಹರಿದರೆ ಹೊಲ ಖಾಲಿಯಾಗದು

ಎರಡು ಟೆರಾಬೈಟಿನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ರೈಟ್ ಕ್ಲಿಕ್ ಮಾಡಿ ‘ಫಾರ್ಮ್ಯಾಟ್’ ಎಂದರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ತೆರೆದು ನೋಡಿದರೆ ಖಾಲಿ. ಸ್ವಲ್ಪ ಲೆಕ್ಕ ಹಾಕೋಣ. ಇಂಥ ಡಿಸ್ಕು ಸೆಕೆಂಡಿಗೆ ಸುಮಾರು 120 ಮೆಗಾಬೈಟ್ ಬರೆಯುತ್ತದೆ ಎಂದಿಟ್ಟುಕೊಂಡರೂ ಅದರ ಮೂಲೆಮೂಲೆಯನ್ನು ಒಮ್ಮೆ ಅಳಿಸಿ ಬರಲು ನಾಲ್ಕೂವರೆ ಗಂಟೆಗೂ ಮೇಲೆ ಬೇಕು. ಹಾಗಾದರೆ ಆ ಹತ್ತು ಸೆಕೆಂಡಿನಲ್ಲಿ ಅಳಿದದ್ದೇನು?

ಪಟ್ಟಿ, ಅಷ್ಟೆ. ಯಾವ ಫೈಲು ಡಿಸ್ಕಿನ ಯಾವ ಜಾಗದಲ್ಲಿದೆ, ಎಲ್ಲೆಲ್ಲಿ ಖಾಲಿಯಿದೆ ಎಂದು ಬರೆದಿಟ್ಟ ಸಣ್ಣ ದಾಖಲೆಯೊಂದು ಪ್ರತಿ ಡಿಸ್ಕಿನಲ್ಲೂ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಅದರ ಜಾಗದಲ್ಲಿ ಹೊಸ ಖಾಲಿ ದಾಖಲೆಯನ್ನು ಬರೆದು ಸುಮ್ಮನಾಗುತ್ತದೆ. ಪಹಣಿ ಹರಿದು ಹಾಕಿದ ಹಾಗೆ: ಹೊಲ ಅಲ್ಲೇ ಇದೆ, ರಾಗಿಯೂ ನಿಂತೇ ಇದೆ, ಕಚೇರಿಯ ಕಡತದಲ್ಲಿ ಮಾತ್ರ ಅದು ಯಾರದ್ದೂ ಅಲ್ಲದ ಬೀಳು. ಬೇರೆಯವರು ಬಂದು ಉತ್ತು ಬಿತ್ತುವವರೆಗೆ ಹಳೆಯ ಬೆಳೆಗೆ ಏನೂ ಆಗುವುದಿಲ್ಲ. ಫಾರ್ಮ್ಯಾಟ್ ಆದಮೇಲೆ ಎದುರಾಗುವ ತಕರಾರುಗಳಲ್ಲೂ ಹೆಚ್ಚಿನವು ಈ ದಾಖಲೆಗೆ ಸಂಬಂಧಿಸಿದವು. ಡಿಸ್ಕಿನ ಮೈಗೆ ಬಂದ ರೋಗಗಳು ಕಡಿಮೆ. ಎರಡರಲ್ಲಿ ಯಾವುದು ಎಂದು ಗೊತ್ತುಮಾಡಿಕೊಳ್ಳದೆ ಕೈಹಾಕಿದಾಗಲೇ ಮದುವೆಯ ಫೋಟೋಗಳು ಶಾಶ್ವತವಾಗಿ ಹೋಗುವುದು.

ಮೊದಲು ಮೈಯನ್ನು ನೋಡೋಣ. ಅಂಗೈಯಗಲದ ಆ ಡಬ್ಬಿಯೊಳಗೆ 65 ಮಿಲಿಮೀಟರ್ ವ್ಯಾಸದ, ಮುಖ ಕಾಣುವಷ್ಟು ನುಣುಪಾದ ತಟ್ಟೆಗಳಿವೆ. ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90. ತಟ್ಟೆಯ ಅಂಚು ಗಂಟೆಗೆ ಸುಮಾರು 65 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದರ ಮೇಲೆ ಓದುವ, ಬರೆಯುವ ಹೆಡ್ಡು ತಟ್ಟೆಯನ್ನು ಮುಟ್ಟದೆ, ಸುತ್ತಾಟದಿಂದ ಎದ್ದ ಗಾಳಿಯ ಪದರದ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ಒಂದು ತಲೆಗೂದಲಿನ ದಪ್ಪ ಆ ಅಂತರದ ಸಾವಿರಾರು ಪಟ್ಟು. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚಿನ 50 ತಟ್ಟೆಗಳಿದ್ದವು, ತೂಕ ಒಂದು ಟನ್ನಿಗೂ ಹೆಚ್ಚು, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಈಗ ಫೋನಿನಲ್ಲಿ ತೆಗೆದ ಒಂದು ಫೋಟೋ ಅಷ್ಟು ಜಾಗ ತಿನ್ನುತ್ತದೆ.

ತಟ್ಟೆಯ ಮೇಲೆ ಹೆಡ್ಡಿಗೆ ದಾರಿ ತೋರುವ ಸೂಕ್ಷ್ಮ ಗುರುತುಗಳನ್ನು ಕಾರ್ಖಾನೆಯಲ್ಲೇ ಬರೆದಿರುತ್ತಾರೆ. ನಾವು ಮಾಡುವ ಯಾವ ಫಾರ್ಮ್ಯಾಟೂ ಅವುಗಳ ತಂಟೆಗೆ ಹೋಗುವುದಿಲ್ಲ, ಹೋಗಲೂ ಆಗದು. ಈಗ ‘ಲೋ ಲೆವೆಲ್ ಫಾರ್ಮ್ಯಾಟ್’ ಎಂಬ ದೊಡ್ಡ ಹೆಸರಿನಲ್ಲಿ ಸಿಗುವ ತಂತ್ರಾಂಶಗಳು ಮಾಡುವುದು ಡಿಸ್ಕಿನ ತುಂಬ ಸೊನ್ನೆ ಬರೆಯುವ ಕೆಲಸವನ್ನು ಮಾತ್ರ.

ಖಾಲಿ ಎಂದು ತೋರುವ ಡಿಸ್ಕು ಎಷ್ಟು ಮಾತಾಡಬಲ್ಲದು ಎಂಬುದಕ್ಕೆ ಎಂಐಟಿಯ ವಿದ್ಯಾರ್ಥಿಗಳಾಗಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್ 2003ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಬೇಕು. ಅವರು ಹಳೆಯ ಮಾಲಿನ ಮಾರುಕಟ್ಟೆಯಿಂದ 158 ಹಾರ್ಡ್ ಡಿಸ್ಕು ಕೊಂಡು ತಂದರು. 129 ಇನ್ನೂ ಓಡುತ್ತಿದ್ದವು. ಅವುಗಳಲ್ಲಿ ಸರಿಯಾಗಿ ಅಳಿಸಿದ್ದವು ಬರೀ 12. ಮಿಕ್ಕವುಗಳಿಂದ 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ವೈದ್ಯಕೀಯ ಪತ್ರಗಳು, ಪ್ರೇಮಪತ್ರಗಳು ಹೊರಬಂದವು. ಒಂದು ಡಿಸ್ಕಂತೂ ಇಲಿನಾಯ್ ರಾಜ್ಯದ ಎಟಿಎಂ ಯಂತ್ರದೊಳಗೆ ಇದ್ದದ್ದು. ಮಾರಿದವರಲ್ಲಿ ಎಷ್ಟೋ ಮಂದಿ ಫಾರ್ಮ್ಯಾಟ್ ಮಾಡಿಯೇ ಮಾರಿದ್ದರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಡಿಸ್ಕು ಕೊಡುವವರು ಇದನ್ನು ನೆನಪಿಡಬೇಕು. ವಿಂಡೋಸ್ ವಿಸ್ಟಾ ಬಂದಾಗಿನಿಂದ ‘ಕ್ವಿಕ್ ಫಾರ್ಮ್ಯಾಟ್’ ಎಂಬಲ್ಲಿನ ಟಿಕ್ ತೆಗೆದರೆ ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆಯಲಾಗುತ್ತದೆ. ಎಕ್ಸ್‌ಪಿ ಕಾಲದ ಪೂರ್ಣ ಫಾರ್ಮ್ಯಾಟ್ ಹಾಳಾದ ಜಾಗವನ್ನು ಹುಡುಕುತ್ತಿತ್ತೇ ವಿನಾ ಅಳಿಸುತ್ತಿರಲಿಲ್ಲ. ಈಗಿನ ತಿರುಗುವ ಡಿಸ್ಕಿಗೆ ಒಂದು ಸಲ ಸೊನ್ನೆ ಬರೆದರೆ ಸಾಕು. 35 ಸಲ ಬರೆಯಬೇಕೆಂಬ ನಂಬಿಕೆ 1996ರ ಪೀಟರ್ ಗುಟ್‌ಮನ್ ಪ್ರಬಂಧದಿಂದ ಹುಟ್ಟಿತು. ಜನ ಅದನ್ನು ಮಂತ್ರದಂತೆ ಜಪಿಸುತ್ತಿದ್ದಾರೆಂದು ಆಮೇಲೆ ಗುಟ್‌ಮನ್ ಅವರೇ ಗೊಣಗಿದರು.

ಅಳಿಯಬಾರದಿದ್ದದ್ದು ಅಳಿದಾಗ ಇದೇ ಗುಣ ವರವಾಗುತ್ತದೆ. ತಪ್ಪು ಡಿಸ್ಕನ್ನು ಕ್ವಿಕ್ ಫಾರ್ಮ್ಯಾಟ್ ಮಾಡಿದ್ದೀರಾ? ಅದಕ್ಕೆ ಒಂದೇ ಒಂದು ಫೈಲನ್ನೂ ಹಾಕಬೇಡಿ. ಕಳಚಿಡಿ. ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಂಬ ಉಚಿತ ತಂತ್ರಾಂಶಗಳಿವೆ. ಮೊದಲನೆಯದು ಡಿಸ್ಕಿನಲ್ಲಿ ಕಳೆದುಹೋದ ವಿಭಾಗಗಳನ್ನು (ಪಾರ್ಟಿಷನ್) ಹುಡುಕುತ್ತದೆ. ಎರಡನೆಯದು ಪಟ್ಟಿಯ ಗೊಡವೆಗೇ ಹೋಗದೆ, ಪ್ರತಿ ಜಾತಿಯ ಫೈಲಿನ ಆರಂಭದಲ್ಲಿರುವ ಗುರುತನ್ನು ಹಿಡಿದು ಫೋಟೋ, ವಿಡಿಯೋಗಳನ್ನು ಹೆಕ್ಕುತ್ತದೆ. ಫೈಲಿನ ಹೆಸರುಗಳು ಹೋಗುತ್ತವೆ, ಚಿತ್ರಗಳು ಸಿಗುತ್ತವೆ. ಸಿಕ್ಕಿದ್ದನ್ನು ಬೇರೆ ಡಿಸ್ಕಿಗೇ ಉಳಿಸಬೇಕು. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಯ ಕತೆ ಬೇರೆ. ಕ್ವಿಕ್ ಫಾರ್ಮ್ಯಾಟ್ ಆದೊಡನೆ ‘ಈ ಜಾಗವೆಲ್ಲ ಇನ್ನು ಬೇಡ’ ಎಂಬ ಸೂಚನೆ ಅದಕ್ಕೆ ಹೋಗುವುದುಂಟು, ಅದು ತಾನಾಗಿ ಜಾಗವನ್ನು ತೊಳೆದುಕೊಳ್ಳುತ್ತದೆ. ಈಚಿನ ಕೆಲವು ತಿರುಗುವ ಡಿಸ್ಕುಗಳಿಗೂ ಈ ಚಾಳಿ ಬಂದಿದೆ.

ಇನ್ನು ಯಾವ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಬೇಕು ಎಂಬುದು. ಫ್ಯಾಟ್32 ಬಹಳ ಹಳೆಯದು, ಅದಕ್ಕೇ ಟಿವಿ, ಕಾರಿನ ಸ್ಟೀರಿಯೋ ಎಲ್ಲವೂ ಅದನ್ನು ಓದುತ್ತವೆ. ಆದರೆ ಫೈಲಿನ ಅಳತೆಯನ್ನು ಬರೆಯಲು ಅದರಲ್ಲಿರುವುದು 32 ಬಿಟ್ ಜಾಗ. 4,294,967,295 ಬೈಟ್ ದಾಟಿದರೆ ಬರೆಯಲು ಅಂಕಿಯೇ ಇಲ್ಲ. ಡಿಸ್ಕಿನಲ್ಲಿ ನೂರಾರು ಜಿಬಿ ಖಾಲಿಯಿದ್ದರೂ ಮದುವೆಯ ಐದು ಜಿಬಿ ವಿಡಿಯೋ ಹೋಗದೆ, ಫೈಲ್ ತೀರಾ ದೊಡ್ಡದು ಎಂದು ವಿಂಡೋಸ್ ತಕರಾರು ಎತ್ತುವುದು ಇದಕ್ಕೇ. ಜೊತೆಗೆ ವಿಂಡೋಸಿನ ಫಾರ್ಮ್ಯಾಟ್ ಕಿಟಕಿ 32 ಜಿಬಿಗಿಂತ ದೊಡ್ಡ ಡಿಸ್ಕಿಗೆ ಫ್ಯಾಟ್32 ಆಯ್ಕೆಯನ್ನೇ ತೋರಿಸದೆ ಬಂದಿದೆ. ಆ ಮಿತಿ ಫ್ಯಾಟ್32ರದ್ದಲ್ಲ. ಮೈಕ್ರೋಸಾಫ್ಟಿನಲ್ಲಿದ್ದ ಡೇವ್ ಪ್ಲಮರ್ 1994ರ ಕೊನೆಯಲ್ಲಿ ಒಂದು ಬೆಳಗ್ಗೆ ಆ ಕಿಟಕಿಯನ್ನು ತಾತ್ಕಾಲಿಕವೆಂದು ಬರೆದರು, ಮಿತಿಯನ್ನೂ ಆಗಲೇ ಇಟ್ಟರು. ಇದನ್ನು ಅವರೇ ಹೇಳಿಕೊಂಡಿದ್ದಾರೆ. ತಾತ್ಕಾಲಿಕವಾದದ್ದು ಮೂವತ್ತು ವರ್ಷ ಬಾಳುವುದು ನಮ್ಮ ಸರ್ಕಾರಿ ಕಚೇರಿಗಳಲ್ಲಿ ಮಾತ್ರವಲ್ಲ ಎಂದಾಯಿತು.

ಎನ್‌ಟಿಎಫ್‌ಎಸ್ 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂತು. ಮಾಡುವ ಬದಲಾವಣೆಯನ್ನು ಮೊದಲೇ ದಿನಚರಿಯಲ್ಲಿ ಬರೆದಿಟ್ಟುಕೊಳ್ಳುವುದರಿಂದ ನಡುವೆ ಕರೆಂಟು ಹೋದರೂ ಪಟ್ಟಿ ಸುಲಭಕ್ಕೆ ಕೆಡದು. ಮ್ಯಾಕ್ ಅದನ್ನು ಓದುತ್ತದೆ, ತಾನಾಗಿ ಬರೆಯದು. 2006ರ ಎಕ್ಸ್‌ಫ್ಯಾಟನ್ನು ವಿಂಡೋಸ್, ಮ್ಯಾಕ್ ಎರಡೂ ಓದಿ ಬರೆಯುತ್ತವೆ, ಆದರೆ ಅದಕ್ಕೆ ದಿನಚರಿಯಿಲ್ಲ. ಕಾಪಿ ಆಗುತ್ತಿರುವಾಗ ಕೇಬಲ್ ಕಿತ್ತರೆ ಪಟ್ಟಿಯೇ ಕೆಡಬಹುದು. ಮನೆಯಲ್ಲಿ ವಿಂಡೋಸ್ ಮಾತ್ರ ಇದ್ದರೆ ಎನ್‌ಟಿಎಫ್‌ಎಸ್, ಮ್ಯಾಕೂ ಇದ್ದರೆ ಎಕ್ಸ್‌ಫ್ಯಾಟ್ ಮತ್ತು ‘ಇಜೆಕ್ಟ್’ ಒತ್ತುವ ಶಿಸ್ತು: ನನ್ನ ಸಲಹೆ ಇಷ್ಟೇ.

ಫಾರ್ಮ್ಯಾಟ್ ಮುಗಿದಮೇಲೆ ಮೊದಲು ಕೇಳಿಬರುವ ದೂರು: ಜಾಗ ಕಡಿಮೆಯಾಯಿತು. 2 ಟಿಬಿ ಡಿಸ್ಕು 1.81 ಟಿಬಿ ಎನ್ನುತ್ತದೆ, 1 ಟಿಬಿಯದು 931 ಜಿಬಿ. ಏನೂ ಕಳೆದಿಲ್ಲ. ತಯಾರಕರು 1000ದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ. 2009ರಿಂದ ಮ್ಯಾಕ್ ಕೂಡ 1000ದ ಲೆಕ್ಕಕ್ಕೆ ಬಂದದ್ದರಿಂದ ಅದೇ ಡಿಸ್ಕು ಅಲ್ಲಿ ಪೂರ್ತಿ 2 ಟಿಬಿ. ಇದಕ್ಕಿಂತ ಕುತೂಹಲದ್ದು ಎಂದರೆ ಕಾಪಿ ಮಾಡಿದ ಫೋಲ್ಡರ್ ಊದಿಕೊಳ್ಳುವುದು. ವಿಂಡೋಸ್ ದೊಡ್ಡ ಡಿಸ್ಕಿನಲ್ಲಿ ಎಕ್ಸ್‌ಫ್ಯಾಟ್ ಮಾಡುವಾಗ ಜಾಗವನ್ನು 128 ಕೆಬಿಯ ತುಂಡುಗಳಾಗಿ ಹಂಚುತ್ತದೆ. ಒಂದು ಕೆಬಿಯ ಚೀಟಿಯಂಥ ಫೈಲಿಗೂ ಪೂರ್ತಿ ತುಂಡು ಬೇಕು. ಅಂಥ ಹತ್ತು ಸಾವಿರ ಫೈಲುಗಳಿದ್ದರೆ ನಿಜವಾದ ಸಾಮಾನು ಹತ್ತು ಎಂಬಿ, ತಿಂದ ಜಾಗ 1.3 ಜಿಬಿ. ಸಣ್ಣಪುಟ್ಟ ಫೈಲುಗಳೇ ಹೆಚ್ಚಿರುವ ಡಿಸ್ಕಿಗೆ ಎನ್‌ಟಿಎಫ್‌ಎಸ್ ಲೇಸು, ಅದರ ತುಂಡು ಸಾಮಾನ್ಯವಾಗಿ 4 ಕೆಬಿ.

ಎರಡನೆಯ ದೂರು, ಡಿಟೆಕ್ಟ್ ಆಗುತ್ತಿಲ್ಲ. ಇಲ್ಲಿ ವಿಂಡೋಸಿನ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು ನೋಡುವುದೇ ದಾರಿ. ಅಲ್ಲಿ ಡಿಸ್ಕು ಕಾಣುತ್ತಿದ್ದು ಡ್ರೈವ್ ಅಕ್ಷರ ಇಲ್ಲದಿದ್ದರೆ ಒಂದು ಅಕ್ಷರ ಕೊಡಿ, ಕೂಡಲೇ ಬರುತ್ತದೆ. ‘ಅನ್‌ಅಲೊಕೇಟೆಡ್’ ಎಂದಿದ್ದರೆ ವಿಭಾಗವನ್ನೇ ಮಾಡಿಲ್ಲ. ‘ರಾ’ ಎಂದಿದ್ದರೆ ಪಟ್ಟಿ ಓದಲಾಗುತ್ತಿಲ್ಲ ಎಂದರ್ಥ. ವಿಂಡೋಸ್ ಆಗ ‘ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳುತ್ತದೆ. ಒಳಗೆ ಬೇಕಾದದ್ದು ಇದ್ದರೆ ‘ಕ್ಯಾನ್ಸಲ್’ ಒತ್ತಿ. ಈ ಪ್ರಶ್ನೆಗೆ ಅಭ್ಯಾಸಬಲದಿಂದ ಹೂಂ ಎಂದು ಹೋದ ಫೈಲುಗಳಿಗೆ ಲೆಕ್ಕವಿಲ್ಲ. ಡಿಸ್ಕು ಅಲ್ಲೂ ಕಾಣದಿದ್ದರೆ ತಂತ್ರಾಂಶದ ಮಾತು ಬಿಟ್ಟು ಕೇಬಲ್ ಬದಲಿಸಿ. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದ್ದು 500 ಮಿಲಿಆಂಪ್, 3.0 ಕಿಂಡಿ 900. ನಿಂತ ತಟ್ಟೆಯನ್ನು ತಿರುಗಿಸಲು ಮೊದಲ ಕ್ಷಣಗಳಲ್ಲಿ ವಿದ್ಯುತ್ತು ಜಾಸ್ತಿ ಬೇಕು, ಯುಎಸ್‌ಬಿ ಹಬ್ಬಿನ ಮೂಲಕ ಬಂದದ್ದು ಸಾಲದೆ ಡಿಸ್ಕು ಟಿಕ್ ಟಿಕ್ ಎಂದು ನಿಲ್ಲಬಹುದು. ನೇರವಾಗಿ ಕಂಪ್ಯೂಟರಿಗೇ ಸಿಕ್ಕಿಸಿ ನೋಡಿ.

ಕಂಪ್ಯೂಟರಿನಲ್ಲಿ ಸರಿಯಾಗಿದ್ದು ಟಿವಿಯಲ್ಲಿ ಮಾತ್ರ ಬಾರದಿದ್ದರೆ ಟಿವಿಗೆ ಎಕ್ಸ್‌ಫ್ಯಾಟೋ, ಡಿಸ್ಕಿನ ವಿಭಾಗಗಳು ಎಲ್ಲಿವೆ ಎಂದು ಹೇಳುವ ಜಿಪಿಟಿ ಎಂಬ ವಿಭಾಗ ಪಟ್ಟಿಯೋ ಅರ್ಥವಾಗುತ್ತಿಲ್ಲ. ಹಳೆಯ ಎಂಬಿಆರ್ ಪಟ್ಟಿ ಎಲ್ಲೆಡೆ ನಡೆಯುತ್ತದೆ, ಆದರೆ ಸಾಮಾನ್ಯವಾಗಿ ಅದರ ಲೆಕ್ಕ ಸುಮಾರು 2.2 ಲಕ್ಷ ಕೋಟಿ ಬೈಟಿಗೆ ಮುಗಿಯುತ್ತದೆ. ನಾಲ್ಕು ಟಿಬಿ ಡಿಸ್ಕಿನಲ್ಲಿ ಅರ್ಧ ಕಾಣದಿದ್ದರೆ ಅಪರಾಧಿ ಅದೇ. ಮ್ಯಾಕಿನಲ್ಲಿ ಫಾರ್ಮ್ಯಾಟ್ ಮಾಡುವವರು ‘ಡಿಸ್ಕ್ ಯುಟಿಲಿಟಿ’ಯಲ್ಲಿ ‘ಶೋ ಆಲ್ ಡಿವೈಸಸ್’ ಆರಿಸಿ, ಎಲ್ಲಕ್ಕಿಂತ ಮೇಲಿನ ಸಾಲನ್ನು ಹಿಡಿದು ಅಳಿಸಬೇಕು. ಕೆಳಗಿನ ಸಾಲನ್ನು ಅಳಿಸಿದರೆ ಹಳೆಯ ವಿಭಾಗ ಪಟ್ಟಿ ಹಾಗೇ ಉಳಿದು, ವಿಂಡೋಸಿಗೆ ಹೋದಾಗ ಕಾಡುತ್ತದೆ.

ಕೊನೆಗೆ ಮೈಯ ರೋಗ. ಪೂರ್ಣ ಫಾರ್ಮ್ಯಾಟ್ ನಡುವೆಯೇ ನಿಲ್ಲುವುದು, ಕಾಪಿ ವೇಗ ಸೊನ್ನೆಗೆ ಕುಸಿದು ಮತ್ತೆ ಏರುವುದು, ನೇರ ಕೇಬಲಿನಲ್ಲೂ ಟಿಕ್ ಟಿಕ್ ಸದ್ದು ನಿಲ್ಲದಿರುವುದು ಇದರ ಲಕ್ಷಣ. ಪ್ರತಿ ಡಿಸ್ಕೂ ‘ಸ್ಮಾರ್ಟ್’ ಎಂಬ ಆರೋಗ್ಯದ ದಾಖಲೆ ಇಟ್ಟಿರುತ್ತದೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶದಲ್ಲಿ ಅದನ್ನು ಓದಬಹುದು. ಎರಡು ಸಾಲು ಸಾಕು. 05 ಎಂಬುದು ಕೆಟ್ಟುಹೋಗಿ ಮೀಸಲು ಜಾಗಕ್ಕೆ ಬದಲಿಸಲಾದ ತುಣುಕುಗಳ ಲೆಕ್ಕ, ಸಿ5 ಎಂಬುದು ಕೆಟ್ಟಿರಬಹುದೆಂಬ ಅನುಮಾನದಲ್ಲಿ ಕಾಯುತ್ತಿರುವ ತುಣುಕುಗಳ ಲೆಕ್ಕ. ಪೂರ್ಣ ಫಾರ್ಮ್ಯಾಟ್ ಆದಮೇಲೆ ಸಿ5 ಸೊನ್ನೆಗಿಳಿದು 05 ಏರದಿದ್ದರೆ ಆ ತುಣುಕುಗಳಿಗೆ ನಿಜಕ್ಕೂ ಏನೂ ಆಗಿರಲಿಲ್ಲ. ವಾರದಿಂದ ವಾರಕ್ಕೆ 05 ಏರುತ್ತಿದ್ದರೆ ಆ ಡಿಸ್ಕಿಗೆ ಏನನ್ನೂ ನಂಬಿ ಕೊಡಬೇಡಿ, ಫಾರ್ಮ್ಯಾಟ್ ಅದನ್ನು ಗುಣಪಡಿಸದು. ಸೊನ್ನೆ ಬರೆಯಲೂ ಆಗದಷ್ಟು ಕೆಟ್ಟಿದ್ದರೆ ಇ-ತ್ಯಾಜ್ಯಕ್ಕೆ ಹಾಕುವ ಮುನ್ನ ತಟ್ಟೆಯನ್ನೇ ಒಡೆಯಬೇಕಾಗುತ್ತದೆ. ಎರಡೂವರೆ ಇಂಚಿನ ಡಿಸ್ಕುಗಳಲ್ಲಿ ತಟ್ಟೆ ಬಹುಮಟ್ಟಿಗೆ ಗಾಜಿನದು. ಸುತ್ತಿಗೆ ಎತ್ತುವ ಮುಂಚೆ ಡಿಸ್ಕನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.