ರಾಣಿಯ ಹೆಸರಿನ ಶಾಲೆಗಳನ್ನು ತೂಗುವ ಬಗೆ

ರಾಣೆಬೆನ್ನೂರನ್ನು ಬಿಟ್ಟು, ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯ ದಾರಿಯನ್ನು ಕೂಡಿಕೊಂಡು, ಹಾವೇರಿಯನ್ನು ದಾಟಿ ಉತ್ತರಾಭಿಮುಖವಾಗಿ ಸಾಗುವ ಹೆದ್ದಾರಿಯು ಹುಬ್ಬಳ್ಳಿ-ಧಾರವಾಡಗಳ ಆಚೆ ಕಿತ್ತೂರನ್ನು ಮುಟ್ಟುತ್ತದೆ. 1824ರಲ್ಲಿ ರಾಣಿ ಚೆನ್ನಮ್ಮನ ದಂಡು ಕಂಪನಿಯ ಸೈನ್ಯವನ್ನು ಹಿಮ್ಮೆಟ್ಟಿಸಿ, ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಮಡಿದ ಆ ನೆಲದಲ್ಲಿ, ರಾಣಿಯ ಸ್ಮಾರಕವಾಗಿ 1969ರಲ್ಲಿ ಸ್ಥಾಪಿತವಾದ ಬಾಲಕಿಯರ ವಸತಿ ಸೈನಿಕ ಶಾಲೆಯು ಇಂದಿಗೂ ಪ್ರವೇಶ ಪರೀಕ್ಷೆಯ ಮೂಲಕವೇ ಆರನೆಯ ತರಗತಿಗೆ ಮಕ್ಕಳನ್ನು ಆರಿಸಿಕೊಳ್ಳುತ್ತಿದೆ. ಅಶ್ವಾರೋಹಣ, ಗುರಿವಿದ್ಯೆ, ಕವಾಯತುಗಳು ಅಲ್ಲಿ ಪಾಠಪ್ರವಚನಗಳ ಜೊತೆಗೇ ನಡೆಯುತ್ತವೆ.

ಇಂತಹ ಶಾಲೆಯ ಸಾಧನೆಯನ್ನು ಅಳೆಯುವುದು ಹೇಗೆ? 1961ರಿಂದ ಆರಂಭವಾದ ಗಂಡುಮಕ್ಕಳ ಸೈನಿಕ ಶಾಲೆಗಳಿಗೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯನ್ನು ಸೇರಿದವರ ಸಂಖ್ಯೆಯೇ ಮಾನದಂಡವಾಗಿತ್ತು. ಆದರೆ ಆ ಅಕಾಡೆಮಿಯ ಪ್ರವೇಶ ಪರೀಕ್ಷೆಯು ಹೆಣ್ಣುಮಕ್ಕಳಿಗೆ ತೆರೆದದ್ದು 2021ರಲ್ಲಿ, ಅದೂ ಸುಪ್ರೀಂ ಕೋರ್ಟಿನ ಆದೇಶದಿಂದ. ಅಲ್ಲಿಂದ ಮೊದಲ ಹದಿನೇಳು ಯುವತಿಯರು ಪದವಿ ಪಡೆದು ಹೊರಬಂದದ್ದು 2025ರ ಮೇ ತಿಂಗಳಲ್ಲಿ. ಅರ್ಧ ಶತಮಾನಕ್ಕೂ ಮಿಗಿಲಾದ ಕಾಲ ಕಿತ್ತೂರಿನ ಬಾಲಿಕೆಯರು ಮುಚ್ಚಿದ ಬಾಗಿಲಿನೆದುರು ಸೈನಿಕ ಶಿಕ್ಷಣವನ್ನು ಪಡೆದರು. ಆ ಕಾಲದ ಸೊನ್ನೆಯನ್ನು ಶಾಲೆಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಅದು ದೇಶದ ಲೆಕ್ಕಕ್ಕೆ ಸೇರತಕ್ಕದ್ದು.

ಹೆದ್ದಾರಿಯ ಈಚೆಯ ನಮ್ಮ ಊರುಗಳ ಬಹುಪಾಲು ಕುಟುಂಬಗಳಿಗಾದರೋ ಕಿತ್ತೂರಿಗಿಂತ ಹತ್ತಿರವಾದವು ಸರಕಾರದ ವಸತಿಶಾಲೆಗಳು. 1999ರಲ್ಲಿ ಹುಟ್ಟಿದ ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘದ ಅಧೀನದಲ್ಲಿ ಮೊರಾರ್ಜಿ ದೇಸಾಯಿ ಶಾಲೆಗಳೊಡನೆ ನಡೆಯುವ, ಚೆನ್ನಮ್ಮನ ಹೆಸರನ್ನೇ ಹೊತ್ತ ಈ ಶಾಲೆಗಳಲ್ಲಿ ಬಾಲಕಿಯರಿಗೇ ಮೀಸಲಾದವೂ ಉಂಟು. ಐದನೆಯ ತರಗತಿಯ ಮಗು ಪರೀಕ್ಷೆ ಬರೆದು ಗೆದ್ದರೆ ಊಟ, ವಸತಿ, ಪುಸ್ತಕ ಎಲ್ಲವೂ ಉಚಿತ. ತರಗತಿಗೆ ಸಾಮಾನ್ಯವಾಗಿ ಐವತ್ತು ಮಕ್ಕಳು. ಬ್ಯಾಡಗಿಯ ಮಾರುಕಟ್ಟೆಯ ಸುತ್ತ ಕೂಲಿಗೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ತಾಯಿಯ ಮಗಳಿಗೆ ಆ ಐವತ್ತರಲ್ಲೊಂದು ಸ್ಥಾನವೆಂದರೆ ಏನೆಂಬುದನ್ನು ವಿವರಿಸಬೇಕಿಲ್ಲ. ಕಷ್ಟವೆಂದರೆ, ಅದೇ ಸ್ಥಾನಕ್ಕೆ ಶುಲ್ಕ ತೆತ್ತು ತರಬೇತಿ ಪಡೆದ ಮಕ್ಕಳೂ ಸ್ಪರ್ಧಿಸುತ್ತಾರೆ. ಜಾತಿ-ವರ್ಗಗಳ ಮೀಸಲಾತಿಯು ಈ ಅಂತರವನ್ನು ಕೊಂಚ ಸರಿದೂಗಿಸಬಲ್ಲುದೇ ಹೊರತು ಅಳಿಸಲಾರದು.

ಬ್ಯಾಡಗಿಯ ವರ್ತಕನು ತನ್ನ ಮೆಣಸಿನಕಾಯಿಯನ್ನು ಖಾರಕ್ಕಾಗಿ ಕೊಳ್ಳುವುದಿಲ್ಲ, ಬಣ್ಣಕ್ಕಾಗಿ ಕೊಳ್ಳುತ್ತಾನೆ. ಯಾವ ಗುಣವನ್ನು ಅಳೆಯಬೇಕೆಂಬ ನಿಶ್ಚಯ ಅವನಿಗಿದೆ. ಶಾಲೆಗಳ ವಿಷಯದಲ್ಲಿ ನಮಗೆ ಆ ನಿಶ್ಚಯವಿಲ್ಲ. ಆರಿಸಿ ತಂದ ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲಿ ತೇರ್ಗಡೆಯಾದರೆಂದು ಶಾಲೆಯನ್ನು ಹೊಗಳುವುದು, ಬಿತ್ತುವ ಮೊದಲೇ ಇದ್ದ ಫಲವತ್ತತೆಯನ್ನು ರೈತನ ಹೆಸರಿಗೆ ಬರೆದಂತೆಯೇ ಸರಿ. ಮೇಲಾಗಿ ಶೇಕಡಾ ಪ್ರಮಾಣವೆಂಬುದು ಸ್ಥಿರವಾದ ಕೋಲೂ ಅಲ್ಲ. ಪರೀಕ್ಷಾ ಕೊಠಡಿಗಳನ್ನು ವೆಬ್‌ಕಾಸ್ಟಿಂಗ್ ಮೂಲಕ ಕಾಯತೊಡಗಿದ 2024ರಲ್ಲಿ ರಾಜ್ಯದ ಫಲಿತಾಂಶವು ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕಗಳನ್ನು ಹೆಚ್ಚಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿಯು ಅಷ್ಟು ಕುಗ್ಗಿತೆಂದು ಯಾರೂ ನಂಬಲಾರರು. ಅದೇ ಫಲಿತಾಂಶದಲ್ಲಿ ಬಾಲಕಿಯರು ಶೇ. 81ರಷ್ಟು, ಬಾಲಕರು ಸುಮಾರು ಶೇ. 66ರಷ್ಟು ತೇರ್ಗಡೆಯಾದುದರಿಂದ, ಕೇವಲ ಹೆಣ್ಣುಮಕ್ಕಳ ಶಾಲೆಯನ್ನು ಇಡೀ ರಾಜ್ಯದ ಸರಾಸರಿಯೊಡನೆ ಹೋಲಿಸಿ ಹೆಮ್ಮೆಪಡುವುದೂ ಅಪೂರ್ಣವಾದ ಲೆಕ್ಕವೇ.

ಹಾಗಾದರೆ ಕೇಳಬೇಕಾದದ್ದೇನು? ಆರನೆಯ ತರಗತಿಗೆ ಕಾಲಿಟ್ಟ ಐವತ್ತು ಮಂದಿಯಲ್ಲಿ ಹತ್ತನೆಯದರವರೆಗೆ ಎಷ್ಟು ಮಂದಿ ಉಳಿದರು, ನಡುವೆ ಮನೆಗೆ ಮರಳಿದವಳು ಏತಕ್ಕೆ ಮರಳಿದಳು, ಪ್ರವೇಶದಲ್ಲಿ ಕಡೆಯ ಸ್ಥಾನ ಪಡೆದವಳು ಹೊರಡುವಾಗ ಎಲ್ಲಿದ್ದಳು, ಕನ್ನಡದಲ್ಲಿ ಓದಿ ಬಂದವಳು ಇಂಗ್ಲಿಷ್ ಮಾಧ್ಯಮದ ಮೊದಲ ವರ್ಷವನ್ನು ಹೇಗೆ ದಾಟಿದಳು, ಮನೆಯಲ್ಲಿ ಮೊದಲು ಓದಿದವಳು ಅವಳೇ ಆಗಿದ್ದಳೇ ಎಂಬ ವಿವರಗಳನ್ನು ಪ್ರತಿಯೊಂದು ಶಾಲೆಯೂ ವರ್ಷಕ್ಕೊಮ್ಮೆ ಫಲಿತಾಂಶದ ಪಟ್ಟಿಯ ಪಕ್ಕದಲ್ಲಿಯೇ ತನ್ನ ಸೂಚನಾಫಲಕಕ್ಕೆ ಅಂಟಿಸಬೇಕು. ಮಗಳ ಅರ್ಜಿಯನ್ನು ಕೈಯಲ್ಲಿ ಹಿಡಿದು ಬರುವ ರಾಣೆಬೆನ್ನೂರಿನ ತಂದೆಗೆ ಅದನ್ನು ಓದಿ ನಿರ್ಧರಿಸುವ ಹಕ್ಕಿದೆ.