ಎಲ್ಲಾ ದಾರಿಗಳೂ ಮೆಜೆಸ್ಟಿಕ್‌ಗೇ!

ಬೆಂಗಳೂರಿನಲ್ಲಿ ಬಸ್ಸು ಹತ್ತಿದವರಿಗೆ 'ಹಬ್ ಅಂಡ್ ಸ್ಪೋಕ್' ನೆಟ್‌ವರ್ಕ್ ಅಂದ್ರೇನು ಅಂತ ಬೇರೆ ಹೇಳಿಕೊಡಬೇಕಾಗಿಲ್ಲ. ನೇರ ಬಸ್ಸಿಲ್ವಾ? ಮೆಜೆಸ್ಟಿಕ್‌ಗೆ ಹೋಗಿ ಬೇರೆ ಬಸ್ಸು ಹಿಡೀರಿ, ಅಷ್ಟೇ! ಸೈಕಲ್ ಚಕ್ರದ ಕಡ್ಡಿಗಳೆಲ್ಲ ನಡುವಿನ ಹಬ್‌ಗೆ ಸೇರುವ ಹಾಗೆ, ಇಲ್ಲಿ ಎಲ್ಲಾ ಬ್ರಾಂಚ್ ಆಫೀಸುಗಳೂ ಹೆಡ್ ಆಫೀಸಿಗೇ ಸೇರುತ್ತವೆ.

ಯಾಕೆ ಹೀಗೆ? ಲೆಕ್ಕ ಹಾಕಿ ನೋಡಿ. ಕರ್ನಾಟಕದ 31 ಜಿಲ್ಲೆಗಳಲ್ಲಿ ಒಂದೊಂದು ಆಫೀಸು ಇದೆ ಅಂದುಕೊಳ್ಳಿ. ಪ್ರತಿಯೊಂದನ್ನೂ ಪ್ರತಿಯೊಂದಕ್ಕೆ ಜೋಡಿಸಲು 465 ಲಿಂಕ್ ಬೇಕು. ಎಲ್ಲವನ್ನೂ ಬೆಂಗಳೂರಿಗೆ ಮಾತ್ರ ಜೋಡಿಸಿದರೆ ಬರೀ 30! ನಮ್ಮ ಸರ್ಕಾರದ 'ಕೆ-ಸ್ವಾನ್' ಜಾಲ ಕೂಡ ಇದೇ ದಾರಿ ಹಿಡಿದದ್ದು: ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ.

ಬ್ರಾಂಚಿನ ರೌಟರ್‌ಗೆ ಹೆಚ್ಚು ಬುದ್ಧಿ ಬೇಡ. 'ಗೊತ್ತಿಲ್ಲದ್ದನ್ನೆಲ್ಲ ಹಬ್‌ಗೆ ಕಳಿಸು' ಅನ್ನೋ ಒಂದೇ ಸಾಲು ಸಾಕು. ಯಾವ ಬ್ರಾಂಚ್ ಎಲ್ಲಿದೆ ಅನ್ನೋ ಪೂರ್ತಿ ಪಟ್ಟಿ ಹಬ್ ಹತ್ತಿರ ಇರುತ್ತೆ. ಫೈರ್‌ವಾಲನ್ನೂ ಅಲ್ಲೊಂದು ಕಡೆ ಕೂರಿಸಿದರಾಯ್ತು.

ತೊಂದರೆಯೂ ಅಲ್ಲೇ ಇದೆ. ಒಮಾನ್‌ನಲ್ಲಿ ಸಲಾಲಾ ಮತ್ತು ತುಮ್ರೈತ್ ನಡುವೆ ಸುಮಾರು 80 ಕಿ.ಮೀ. ಹಬ್ ಮಸ್ಕತ್‌ನಲ್ಲಿದ್ದರೆ, ಒಂದು ಪುಟ್ಟ ಫೈಲು ಹೆಚ್ಚುಕಡಿಮೆ 2000 ಕಿ.ಮೀ. ಸುತ್ತಿ ಪಕ್ಕದೂರಿಗೆ ಬರಬೇಕು! ಫೈಬರ್‌ನೊಳಗಿನ ಬೆಳಕಿನ ವೇಗದಲ್ಲಿ ಇದು ಸುಮಾರು 10 ಮಿಲಿಸೆಕೆಂಡ್ ಅಷ್ಟೇ ಅನ್ನಿ. ಆದರೆ ಅದೇ ಫೈಲು ಹಬ್‌ಗೆ ಒಮ್ಮೆ ಒಳಬಂದು ಇನ್ನೊಮ್ಮೆ ಹೊರಹೋಗುತ್ತೆ. ಭಾರ ಎರಡು ಪಟ್ಟು.

ಹಬ್ ಜಾಗ ಬದಲಿಸೋದೂ ಸುಲಭವಲ್ಲ. ನಾನಿರುವ ಅಲ್ ಮವಾಲೇಹ್‌ನ ದೊಡ್ಡ ತರಕಾರಿ ಮಾರ್ಕೆಟ್ಟು 2024ರಲ್ಲಿ ಬರ್ಕಾ ಕಡೆಯ ಖಝಾಯಿನ್‌ಗೆ ಹೋಯಿತು. ಅಂಗಡಿಗಳು ಇದ್ದಲ್ಲೇ ಇದ್ದವು, ಆದರೆ ಅಲ್ಲಿಂದ ಮಾಲು ತರುತ್ತಿದ್ದ ಪಿಕಪ್‌ಗಳೆಲ್ಲ ದಾರಿ ಬದಲಿಸಬೇಕಾಯ್ತು. ನೆಟ್‌ವರ್ಕಿನಲ್ಲೂ ಅಷ್ಟೇ, ಒಂದೊಂದು ಬ್ರಾಂಚಿನ ರೌಟರನ್ನೂ ಮುಟ್ಟಲೇಬೇಕು.

ಇನ್ನು ಹಬ್ಬೇ ಮಲಗಿಬಿಟ್ಟರೆ? ಬ್ರಾಂಚುಗಳೆಲ್ಲ ಒಂಟಿ ದ್ವೀಪಗಳು! 2007ರ ಜೂನ್‌ನಲ್ಲಿ 'ಗೋನು' ಚಂಡಮಾರುತ ಮಸ್ಕತ್ ಅನ್ನು ಮುಳುಗಿಸಿತು. 2018ರ ಮೇನಲ್ಲಿ 'ಮೆಕುನು' ಬಂದದ್ದು ಸಲಾಲಾಗೆ. ಎರಡೂ ಊರಿಗೆ ಹೊಡೆತ ಬಿದ್ದಿದೆ, ಆದರೆ ಒಂದೇ ದಿನ ಅಲ್ಲ. ಹಾಗಾಗಿ ಮಸ್ಕತ್‌ನಲ್ಲೊಂದು, ಸಲಾಲಾದಲ್ಲೊಂದು ಹಬ್ ಇಟ್ಟು, ಪ್ರತಿ ಬ್ರಾಂಚಿಗೂ ಎರಡು ಕಡ್ಡಿ ಕೊಡೋದು ಜಾಣತನ. ಖರ್ಚು ಜಾಸ್ತಿ, ನಿಜ. ಆದರೂ ಎಲ್ಲವನ್ನೂ ಎಲ್ಲಕ್ಕೂ ಜೋಡಿಸುವುದಕ್ಕಿಂತ ಎಷ್ಟೋ ಕಡಿಮೆ.

ಈಗ ನಿಮ್ಮ ಆಫೀಸಿನಲ್ಲಿ ಎರಡನೇ ಹಬ್ ಎಲ್ಲಿದೆ ಅಂತ ಕೇಳಿ ನೋಡಿ. 'ಇದೇ ಬಿಲ್ಡಿಂಗು, ಮೇಲಿನ ಮಹಡಿ' ಅಂದರೆ... ಮಳೆಗಾಲಕ್ಕೆ ಮುಂಚೆ ಒಂದು ಮೀಟಿಂಗ್ ಕರೆಯೋದು ಒಳ್ಳೇದು!